ದಂಡ ಹುಡುಕಿಕೊಂಡು ಹೊರಟ ಮಾಯಿಲಪ್ಪ ಗೌಡರು

ಸುಳ್ಯದಿಂದ ಪುತ್ತೂರಿಗೆ ಹೋಗುವ ದಾರಿಯಲ್ಲಿ ಮಂಡೆಕೋಲಿನ ಮಾಯಿಲಪ್ಪ ಗೌಡರು ಇರುವಾಗ ಮೊಬೈಲ್ ಟವರುಗಳನ್ನು ಯಾಕೆ ಕಟ್ಟಿದರು ಎಂದು ಆ ದಾರಿಯ ಪ್ರಯಾಣಿಕರು ಇವತ್ತಿಗೂ ಕೇಳುತ್ತಾರೆ. ಅವರು ಫೋನಿನಲ್ಲಿ ಮಾತು ಶುರು ಮಾಡಿದರೆ ಡ್ರೈವರು ಹಾರ್ನಿನಿಂದ ಕೈ ತೆಗೆಯುತ್ತಿದ್ದನಂತೆ. ಎದುರಿನ ಲಾರಿಗಳು ತಾವಾಗಿಯೇ ಬದಿಗೆ ಸರಿಯುತ್ತಿದ್ದವಂತೆ. ಕನಕಮಜಲಿನ ತಿರುವಿನಲ್ಲಿ ಅವರು ಒಮ್ಮೆ 'ಹಲೋ' ಅಂದದ್ದಕ್ಕೆ ರಸ್ತೆ ಕೆಳಗಿನ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದವನು 'ಓ, ಬಂದೆ' ಎಂದು ಕತ್ತಿ ಕೆಳಗಿಟ್ಟು ಮೇಲೆ ಹತ್ತಿ ಬಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಸಭೆಯ ಹಿಂದಿನಿಂದ ಬೊಬ್ಬೆ ಹೊಡೆಯುತ್ತ ಬರುವಾಗ ಮಕ್ಕಳು ಅಮ್ಮನ ಸೆರಗು ಹುಡುಕುತ್ತವಲ್ಲ, ಗೌಡರ ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಂಡಾಗ ಬಸ್ಸಿನ ದೊಡ್ಡವರ ಅವಸ್ಥೆಯೂ ಅದೇ.

ಗಂಟಲಿನದ್ದು ಅರ್ಧ ಪ್ರತಾಪ. ಉಳಿದರ್ಧ ಸ್ಪೀಕರಿನದ್ದು. ಮಾಯಿಲಪ್ಪ ಗೌಡರು ಫೋನನ್ನು ಕಿವಿಗೆ ಇಟ್ಟುಕೊಂಡದ್ದನ್ನು ಅವರ ಹೆಂಡತಿ ಪೂವಕ್ಕ ಕೂಡ ಕಂಡಿಲ್ಲ. ಕಿವಿ ಬಿಸಿಯಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಹಪ್ಪಳ ಹಿಡಿದಂತೆ ಅಡ್ಡ ಹಿಡಿದು, ಆಚೆಯವರ ಮಾತನ್ನು ಇಡೀ ಬಸ್ಸಿಗೆ ಹಂಚುತ್ತಿದ್ದರು. ಜಾಲ್ಸೂರಿನಲ್ಲಿ ಬಸ್ಸು ಹತ್ತಿದರೆ ಕಾವು ಎಂಬ ಊರು ಬರುವಷ್ಟರಲ್ಲಿ ಅವರ ದನ ಗಬ್ಬವೋ ಅಲ್ಲವೋ ಎಂಬುದು ನಮಗೆಲ್ಲ ಗೊತ್ತು. ಕುಂಬ್ರ ದಾಟುವಾಗ ಪೂವಕ್ಕನ ಬಿಪಿಯೂ ಗೊತ್ತು.

ಡ್ರೈವರನ ತಲೆಯ ಮೇಲೆ, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಬಾರದೆಂಬ ಸ್ಟಿಕರ್ ಅಂಟಿಸಿದ್ದರು. ಕಂಡಕ್ಟರು ಅದರ ಕಡೆ ಬೆರಳು ತೋರಿಸಿದಾಗ ಗೌಡರು ಕನ್ನಡಕ ಹಾಕಿ, ನಿಧಾನಕ್ಕೆ ಓದಿ, ಹೈಕೋರ್ಟಿನ ವಕೀಲರ ಗತ್ತಿನಲ್ಲಿ ಕೇಳಿದ್ದರು: "ಹಾಡು ಹಾಕ್ಬಾರ್ದು ಅಂತ ಉಂಟು. ಮಾತಾಡ್ಬಾರ್ದು ಅಂತ ಎಲ್ಲಿ ಉಂಟು?" ಇಡೀ ಬಸ್ಸು ನಕ್ಕಿತ್ತು. ಕಂಡಕ್ಟರು ಸೋತಿದ್ದ. ಅವನು ಆ ದಿನ ಗೆದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅದಾಗಿ ತಿಂಗಳು ಕಳೆದಿರಬೇಕು. ಒಂದು ಸೋಮವಾರ ಗೌಡರು ಕಾಳುಮೆಣಸಿನ ಚೀಲ ಕಾಲಡಿಯಲ್ಲಿಟ್ಟುಕೊಂಡು ಪುತ್ತೂರಿಗೆ ಹೊರಟಿದ್ದರು. ಸಂತೆಯ ದಿನ, ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ. ಕನಕಮಜಲು ದಾಟಿದಾಗ ಕಡಬದ ಹತ್ತಿರದ ಹಳ್ಳಿಗೆ ಮದುವೆ ಮಾಡಿಕೊಟ್ಟ ಅವರ ತಂಗಿ ದುಗ್ಗಮ್ಮನ ಫೋನು ಬಂತು. ಹಪ್ಪಳ ಅಡ್ಡವಾಯಿತು.

"ಅಣ್ಣಾ, ಹತ್ರ ಯಾರಾದ್ರೂ ಇದ್ದಾರಾ?"

ಗೌಡರು ಮುಂದೆ ನೋಡಿದರು, ಹಿಂದೆ ನೋಡಿದರು. ಅರುವತ್ತು ಜನ. "ಯಾರೂ ಇಲ್ಲ. ನೀ ನಮ್ಮ ಭಾಷೆಯಲ್ಲಿ ಹೇಳು," ಎಂದರು.

ಇಲ್ಲಿ ನಮ್ಮ ಕಡೆಯವರ ಒಂದು ಬುದ್ಧಿವಂತಿಕೆಯನ್ನು ಹೇಳಬೇಕು. ನಮಗೆ ಗುಟ್ಟು ಎಂದರೆ ಬಾಗಿಲು ಹಾಕಿಕೊಳ್ಳುವುದಲ್ಲ, ಭಾಷೆ ಬದಲಿಸಿಕೊಳ್ಳುವುದು. ಕನ್ನಡದವರ ಎದುರು ತುಳು, ತುಳುವರ ಎದುರು ಮಲಯಾಳ, ಯಾರನ್ನೂ ನಂಬಲಾಗದಿದ್ದರೆ ಗೌಡರಿಗೆ ತಮ್ಮ ಮನೆಮಾತಾದ ಅರೆಭಾಷೆ. ಎದುರಿಗಿರುವವರೂ ಇದೇ ಊರಿನ ನೀರು ಕುಡಿದು ಇದೇ ನಾಲ್ಕೈದು ಭಾಷೆಗಳಲ್ಲಿ ಜಗಳವಾಡಿ ಬೆಳೆದವರು ಎಂಬುದು ಆಗ ಮಾತ್ರ ನೆನಪಾಗುವುದಿಲ್ಲ. ಅರೆಭಾಷೆಗೆ ತಿರುಗಿದ ಮೇಲೆ ಗೌಡರ ಮನಸ್ಸಿನಲ್ಲಿ ಬಸ್ಸು ಖಾಲಿಯಾಯಿತು.

ದುಗ್ಗಮ್ಮ ಹೇಳಿದ್ದು ಇಷ್ಟು. ಮಗಳು ಹರಿಣಾಕ್ಷಿ ಇನ್ನು ಗಂಡನ ಮನೆಗೆ ಹೋಗುವುದಿಲ್ಲ. ಅವನು ಹೊಡೆದದ್ದು ಒಂದು ಸಲವಲ್ಲ. ಕೋರ್ಟಿಗೆ ಅರ್ಜಿ ಹಾಕಿ ಆಗಿದೆ. ಹರಿಣಾಕ್ಷಿ ಊರಿನ ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಎಲ್ಲರ ಹತ್ತಿರವೂ ಗಂಡನಿಗೆ ಗಲ್ಫಿನಲ್ಲಿ ಕೆಲಸವಾಗಿದೆ, ಅದಕ್ಕೆ ಅಮ್ಮನ ಮನೆಯಲ್ಲಿದ್ದೇನೆ ಎಂದಿದ್ದಾಳೆ. ಕೋರ್ಟಿನಲ್ಲಿ ಮುಗಿಯುವವರೆಗೆ ಯಾರಿಗೂ ಗೊತ್ತಾಗಬಾರದು. "ನಿಂಗೆ ಒಬ್ಬನಿಗೇ ಹೇಳುದು ಅಣ್ಣ. ಪೂವತ್ತಿಗೆಗೂ ಹೇಳ್ಬೇಡ."

"ಹೊಡೆದನಾ? ನಮ್ಮ ಹರಿಣಿಗೆ ಹೊಡೆದನಾ?" ಗೌಡರು ಸೀಟಿನಿಂದ ಎದ್ದೇ ಬಿಟ್ಟರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೇಲಿನ ಕಂಬಿಯನ್ನೇ ಅಳಿಯನ ಕುತ್ತಿಗೆ ಎಂದು ಹಿಡಿದಿತ್ತು. "ಅವನ ಕೈ ಮುರೀತೇನೆ! ಕೋರ್ಟು ಆಮೇಲೆ, ಮೊದಲು ನಾನು!"

ನೋಡಲು ತಮಾಷೆಯಾಗಿಯೇ ಇತ್ತು. ಹಿಂದಿನ ಸೀಟಿನಲ್ಲಿ ಕಿಸಕ್ಕೆಂದರು. ನಾವೂ ಕೆಲವರು ನಕ್ಕೆವು. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಪಕ್ಕದ ಸೀಟಿನಲ್ಲಿ ಕುಳಿತಿದ್ದ ನಫೀಸಮ್ಮ ಮಾತ್ರ ನಗಲಿಲ್ಲ. ಕುಂಬ್ರದಲ್ಲಿರುವ ಮಗಳ ಮನೆಗೆ ಹೊರಟ ವಯಸ್ಸಾದ ಹೆಂಗಸು. "ಗೌಡ್ರೆ, ಅದನ್ನು ಕಿವಿಗೆ ಇಡಿ. ಪಾಪ, ಹೆಣ್ಣುಮಗಳ ವಿಷಯ," ಎಂದರು.

ಗೌಡರು ಬೆಚ್ಚಿದರು. "ನಿಮಗೆ ಅರ್ಥ ಆಯ್ತಾ?"

"ನಾನು ಸುಳ್ಯದಲ್ಲೇ ಹುಟ್ಟಿದವಳು ಮಾರಾಯ್ರೆ. ನಿಮ್ಮ ಭಾಷೆ ನಂಗೆ ನಿಮಗಿಂತ ಚೆಂದ ಬರ್ತದೆ. ನಂಗೆ ಮಾತ್ರ ಅಲ್ಲ, ಈ ಬಸ್ಸಿನಲ್ಲಿ ಯಾರಿಗೆ ಬರುದಿಲ್ಲ ಕೇಳಿ ನೋಡಿ."

ಫೋನಿನಲ್ಲಿ ದುಗ್ಗಮ್ಮನ ಸ್ವರ ಸಣ್ಣದಾಗಿ ಕೇಳಿಸಿತು. "ಅಣ್ಣಾ... ಅದು ಯಾರು?" ಅಷ್ಟೇ. ಮತ್ತೆ ಲೈನು ಕಟ್ಟಾಯಿತು.

ಕಿಸಕ್ಕೆಂದವರಲ್ಲಿ ಯಾರೋ ವೀಡಿಯೋ ಮಾಡಿದ್ದರು. ಗೌಡರು ಕಂಬಿ ಹಿಡಿದು ಗರ್ಜಿಸಿದ್ದು, ಅದಕ್ಕೆ ಮೊದಲು ದುಗ್ಗಮ್ಮ ಗಲ್ಫಿನ ಸುಳ್ಳಿನ ವಿಷಯ ಹೇಳಿದ್ದು, ಎಲ್ಲವೂ ಐವತ್ತು ಸೆಕೆಂಡಿನಲ್ಲಿ ಇತ್ತು. ಕೆಳಗೆ ನಗುವ ಮುಖಗಳು. ಗೌಡರು ಪುತ್ತೂರಿನ ಅಂಗಡಿಯಲ್ಲಿ ಮೆಣಸು ಸುರಿಯುವ ಮೊದಲೇ ಅದು ಉಪ್ಪಿನಂಗಡಿ ದಾಟಿ ಕಡಬಕ್ಕೆ ಮುಟ್ಟಿತ್ತು. ಸಂಜೆ ಹಾಲು ತಂದವರು ಕ್ಯಾನು ಕೆಳಗಿಡುವ ಮೊದಲು ಹರಿಣಾಕ್ಷಿಯ ಮುಖ ನೋಡಿದರಂತೆ. ಒಬ್ಬಳು, "ಗಲ್ಫಿನಲ್ಲಿ ಈಗ ಬಿಸಿಲು ಎಷ್ಟು ಉಂಟಂತೆ ಮಗಾ?" ಎಂದು ಕೇಳಿದಳಂತೆ.

ಗೌಡರು ತಂಗಿಗೆ ಇಪ್ಪತ್ತು ಸಲ ಫೋನು ಮಾಡಿದರು. ದುಗ್ಗಮ್ಮ ಎತ್ತಲಿಲ್ಲ. ಪೂವಕ್ಕ ಮಾಡಿದಾಗ ಎತ್ತಿ, "ಅತ್ತಿಗೆ, ಅಣ್ಣ ಇನ್ನು ನನ್ನ ಹತ್ರ ಮಾತಾಡುದು ಬೇಡ ಅಂತ ಹೇಳಿ," ಎಂದು ಇಟ್ಟಳು.

ಆಗ ಮಾಯಿಲಪ್ಪ ಗೌಡರು ಯುದ್ಧಕ್ಕೆ ಹೊರಟರು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಕಂಕುಳಲ್ಲಿ ಕೊಡೆ. ನೇರ ಪೊಲೀಸ್ ಠಾಣೆ. ವೀಡಿಯೋ ಮಾಡಿದವರನ್ನು ಹಿಡಿದು ಒಳಗೆ ಹಾಕಬೇಕು ಎಂದು ಮೇಜು ಕುಟ್ಟಿದರು. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ತಾಳ್ಮೆಯ ಮನುಷ್ಯ. ವೀಡಿಯೋವನ್ನು ಎರಡು ಸಲ ನೋಡಿದರು.

"ಮಾತಾಡುದು ಕೇಳ್ತದಲ್ಲ, ಆ ಹೆಂಗಸು ಯಾರು?"

"ನನ್ನ ತಂಗಿ."

"ಬಸ್ಸಿಗೆಲ್ಲ ಕೇಳ್ತದೆ ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲ."

"ಸ್ಪೀಕರ್ ಹಾಕಿದ್ದು ಯಾರು?"

ಮೇಜು ಕುಟ್ಟಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು.

"ವೀಡಿಯೋ ಹಾಕಿದವನನ್ನು ಹುಡುಕುವ. ಆದ್ರೆ ಹುಡುಗಿಯೋ ಅವಳ ಅಮ್ಮನೋ ಬಂದು ದೂರು ಕೊಟ್ರೆ ಒಳ್ಳೇದು," ಎಂದರು ಹೆಡ್ ಕಾನ್‌ಸ್ಟೇಬಲ್.

"ಅವ ಇರ್ಲಿ. ನನ್ನ ಮೇಲೆ ಯಾವ ಸೆಕ್ಷನ್ ಹಾಕ್ತೀರಿ?"

"ನಿಮ್ಮ ಮೇಲೆ ಎಂತ ಹಾಕುದು ಮಾರಾಯ್ರೆ? ತಂಗಿಯ ಫೋನ್ ಎತ್ತಿದ್ದಕ್ಕಾ?"

"ಸ್ಪೀಕರ್ ಹಾಕಿದ್ದಕ್ಕೆ."

"ನಂಗೆ ಗೊತ್ತಿದ್ದ ಹಾಗೆ ಅದಕ್ಕೆ ಸೆಕ್ಷನ್ ಇಲ್ಲ. ಹೋಗಿ ಒಂದು ಚಾ ಕುಡೀರಿ."

ಅಪರಾಧಿಗಳು ತಪ್ಪಿಸಿಕೊಂಡು ಓಡುವುದು ನಾವು ಕೇಳಿದ ಕಥೆ. ಶಿಕ್ಷೆಯೇ ತಪ್ಪಿಸಿಕೊಂಡು ಓಡಿ, ಅಪರಾಧಿ ಅದರ ಬೆನ್ನು ಹತ್ತಿದ್ದು ನಮ್ಮ ತಾಲೂಕಿನಲ್ಲಿ ಇದೇ ಮೊದಲು. ಮಾರನೆಯ ದಿನ ಗೌಡರು ಅದೇ ಬಸ್ಸು ಹತ್ತಿ, ಅದೇ ಕಂಡಕ್ಟರನ ಎದುರು ನಿಂತರು.

"ನಾನು ಆ ದಿನ ನಿನ್ನ ಬಾಯಿ ಮುಚ್ಚಿಸಿದ್ದು ತಪ್ಪು. ನನ್ನನ್ನು ಬಸ್ಸಿನಿಂದ ಇಳಿಸು."

"ಈಗ ನೀವು ಸುಮ್ಮನೆ ಇದ್ದೀರಲ್ಲ ಗೌಡ್ರೆ. ಸುಮ್ಮನೆ ಇರುವವರನ್ನು ಇಳಿಸುದು ಹೇಗೆ?"

"ಹಳೆ ಲೆಕ್ಕಕ್ಕೆ ಇಳಿಸು."

"ನಂಗೆ ಮೆಮೊ ಕೊಡ್ತಾರೆ. ಕೂತ್ಕೊಳ್ಳಿ."

ಗೌಡರು ಕೂರಲಿಲ್ಲ. ಕಾವಿನಲ್ಲಿ ತಾವೇ ಇಳಿದು, ಪುತ್ತೂರಿನವರೆಗೆ ಬಿಸಿಲಿನಲ್ಲಿ ನಡೆದರು. ಕೈಯಲ್ಲಿದ್ದ ಕೊಡೆಯನ್ನು ಬಿಡಿಸಲಿಲ್ಲ. ದಾರಿಯಲ್ಲಿ ಗುರ್ತದವರು ಮೂರು ಜನ ಬೈಕು ನಿಲ್ಲಿಸಿ ಕರೆದರೂ ಹತ್ತಲಿಲ್ಲ. ಕಾಲಿನಲ್ಲಿ ಎರಡು ಬೊಕ್ಕೆ ಎದ್ದವು. ಆ ಬೊಕ್ಕೆಗಳನ್ನು ಪೂವಕ್ಕನಿಗೆ ತೋರಿಸಿದಾಗ ಅವರು ಎಣ್ಣೆ ಹಚ್ಚುತ್ತ, "ಇದು ಹರಿಣಿಗೆ ಗೊತ್ತುಂಟಾ?" ಎಂದು ಮಾತ್ರ ಕೇಳಿದರು.

ಕಾನೂನು ಕೈಬಿಟ್ಟ ಮೇಲೆ ಉಳಿದದ್ದು ದೈವ. ಕುಟುಂಬದ ಮೂಲವಾದ ತರವಾಡು ಮನೆಗೆ ಹೋಗಿ ತಪ್ಪುಕಾಣಿಕೆ ಹಾಕುವುದು ನಮ್ಮಲ್ಲಿ ಉಂಟು. ತಪ್ಪಾಗಿದೆ ಎಂದು ದೈವದ ಎದುರು ಒಪ್ಪಿಕೊಂಡು ಕಾಣಿಕೆ ಇಟ್ಟರೆ ಮನಸ್ಸು ಹಗುರ. ಗೌಡರು ಮಿಂದು, ಒದ್ದೆ ತಲೆಯಲ್ಲಿ ದೈವದ ಚಾವಡಿಯ ಎದುರು ನಿಂತರು. ಅವರ ಸ್ವರ ಸಣ್ಣದಾದದ್ದು ಆ ದಿನವೇ ಮೊದಲು. ತರವಾಡಿನ ಯಜಮಾನರು ಎಂಬತ್ತು ದಾಟಿದವರು, ಕಿವಿ ಮಂದ. ಎರಡು ಸಲ ಹೇಳಿಸಿಕೊಂಡರು.

"ನೀನು ದೈವಕ್ಕೆ ಎಂತ ತಪ್ಪು ಮಾಡಿದ್ದು?"

"ದೈವಕ್ಕೆ ಅಲ್ಲ. ಹರಿಣಿಗೆ."

"ಮತ್ತೆ ಕಾಣಿಕೆ ದೈವಕ್ಕೆ ಯಾಕೆ?"

ಯಜಮಾನರು ಕಾಣಿಕೆಯನ್ನು ವಾಪಸು ಕೈಯಲ್ಲಿಟ್ಟು, ಊಟ ಮಾಡಿ ಹೋಗು ಎಂದರು. ಗೌಡರು ಉಣ್ಣಲಿಲ್ಲ.

ವೀಡಿಯೋ ಹರಡಿದ ಇಪ್ಪತ್ತನಾಲ್ಕನೆಯ ದಿನ ಅವರು ಬೆಳ್ಳಾರೆ, ಪಂಜ ದಾಟಿ ಕಡಬದ ಕಡೆಗೆ ಹೋದರು. ಸೊಸೈಟಿಯಲ್ಲಿ ಸಂಜೆಯ ಹಾಲು ಅಳೆಯುವ ಹೊತ್ತು. ಕ್ಯಾನು, ಚೊಂಬು ಹಿಡಿದವರ ಸಾಲು. ಒಳಗೆ ಹೋಗಿ ಮಾತಾಡಿಸುವ ಧೈರ್ಯವಿಲ್ಲದೆ ಗೌಡರು ಸಾಲಿನ ಕೊನೆಯಲ್ಲಿ ನಿಂತರು, ಬರಿಗೈಯಲ್ಲಿ. ಮುಂದಿನವರು ಒಬ್ಬೊಬ್ಬರೇ ತಿರುಗಿ ನೋಡಿದರು. ಐವತ್ತು ಸೆಕೆಂಡಿನ ವೀಡಿಯೋದಿಂದ ಎಲ್ಲರಿಗೂ ಆ ಮುಖದ ಪರಿಚಯ ಚೆನ್ನಾಗಿಯೇ ಆಗಿತ್ತು. ಯಾರೂ ನಗಲಿಲ್ಲ; ಅದು ಇನ್ನೂ ಕಷ್ಟ.

ಹರಿಣಾಕ್ಷಿ ತಲೆ ಎತ್ತದೆ ಲ್ಯಾಕ್ಟೋಮೀಟರಿನಲ್ಲಿ ಹಾಲಿನ ಡಿಗ್ರಿ ನೋಡುತ್ತಿದ್ದಳು, ಲೀಟರು ಬರೆಯುತ್ತಿದ್ದಳು. ಗೌಡರ ಸರದಿ ಬಂತು.

"ಎಷ್ಟು ಲೀಟರ್?"

"ಹಾಲು ಇಲ್ಲ ಮಗಾ."

ಅವಳು ತಲೆ ಎತ್ತಿದಳು. ಅಳತೆಯ ಪಾತ್ರೆಯನ್ನು ನೀರಿಗೆ ಹಾಕಿ, ಕೈ ಒರೆಸಿಕೊಂಡು ಜಗಲಿಗೆ ಬಂದಳು. ಗೌಡರು ಠಾಣೆಯ ಕಥೆ, ಕಂಡಕ್ಟರನ ಕಥೆ, ತರವಾಡಿನ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಎದುರಿಗಿದ್ದವಳಿಗೂ ಬಗ್ಗಿ ಕೇಳಬೇಕಾಗುವಷ್ಟು ಸಣ್ಣ ಸ್ವರದಲ್ಲಿ.

"ನೀನು ದೂರು ಕೊಡು. ನನ್ನ ಹೆಸರೂ ಹಾಕು," ಎಂದರು.

"ದೂರು ಕೊಟ್ರೆ ಆ ವೀಡಿಯೋವನ್ನು ಅಲ್ಲಿ ಇನ್ನು ನಾಲ್ಕು ಜನ ನೋಡ್ಬೇಕು ಮಾವ. ಮತ್ತೆ ಅಮ್ಮನ ಸ್ವರ ಕೇಳ್ಬೇಕು. ನೋಡಿದವರು ಸಾಕು ನಂಗೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ದಿನದ ಆಯಾಸವಿತ್ತು. "ಮೂರು ತಿಂಗಳು ಸುಳ್ಳು ಹೇಳಿ ಹೇಳಿ ಸ್ವಲ್ಪ ನೆಮ್ಮದಿ ಮಾಡ್ಕೊಂಡಿದ್ದೆ. ಈಗ ಹಾಲಿನ ಒಟ್ಟಿಗೆ ಬುದ್ಧಿಮಾತು ತರ್ತಾರೆ. ಹೊಂದಿಕೊಂಡು ಹೋಗು ಅಂತ ಒಬ್ಬರು. ಬಿಟ್ಟದ್ದು ಒಳ್ಳೇದಾಯ್ತು ಅಂತ ಇನ್ನೊಬ್ಬರು. ನನ್ನ ಹತ್ರ ಯಾರು ಕೇಳಿದ್ದು?"

ಗೌಡರು ನೆಲ ನೋಡಿದರು.

"ಅಮ್ಮ ಮನೆಯಲ್ಲಿದ್ದಾರೆ. ನಾನು ಕರ್ಕೊಂಡು ಹೋಗುದಿಲ್ಲ. ನೀವೇ ಹೋಗಿ. ಬಾಗಿಲು ತೆಗೀತಾರಾ ಇಲ್ವಾ, ನಂಗೆ ಗೊತ್ತಿಲ್ಲ."

"ಹೋಗ್ತೇನೆ."

ಹರಿಣಾಕ್ಷಿ ಒಳಗೆ ಹೋಗಲು ತಿರುಗಿದವಳು ನಿಂತಳು. "ಪೊಲೀಸ್ ಸ್ಟೇಷನಿಗೆ ಹೋದಿರಿ, ಬಿಸಿಲಲ್ಲಿ ಪುತ್ತೂರಿಗೆ ನಡೆದಿರಿ, ದೈವದ ಹತ್ರ ಹೋದಿರಿ. ಇಲ್ಲಿಗೆ ಬರ್ಲಿಕ್ಕೆ ಇಪ್ಪತ್ತನಾಲ್ಕು ದಿನ ಯಾಕೆ ಮಾವ?"

ಮಂಡೆಕೋಲಿನ ಮಾಯಿಲಪ್ಪ ಗೌಡರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಹೆದರಿಕೆ ಆಯ್ತು," ಎಂದರು.