ಸಿಪ್ರಿಯನ್ ಅಂಕಲ್ ಹೊಲಿದ ಡೇಲ್

ಸಿಪ್ರಿಯನ್ ಅಂಕಲ್ ಯಾರನ್ನೂ ಮುಖ ನೋಡಿ ಗುರುತಿಸುತ್ತಿರಲಿಲ್ಲ, ಭುಜ ನೋಡಿ ಗುರುತಿಸುತ್ತಿದ್ದರು. ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದ ಅವರ ಅಂಗಡಿಗೆ ನಾನು ಆರು ವರ್ಷ ರವಿಕೆ ಹೊಲಿಯಲು ಕೊಟ್ಟಿದ್ದೇನೆ. ಒಮ್ಮೆಯೂ ಹೆಸರು ಕೇಳಲಿಲ್ಲ. ಚೀಟಿಯಲ್ಲಿ ‘ಬಲಭುಜ ಇಳಿದದ್ದು’ ಎಂದು ಬರೆದುಕೊಳ್ಳುತ್ತಿದ್ದರು. ಆಫೀಸಿಗೆ ಲ್ಯಾಪ್‌ಟಾಪ್ ಹೊತ್ತು ಹಾಗಾಗಿದೆ ಎಂದರೆ, “ಹೊರುವುದಾದ್ರೆ ಎರಡೂ ಬದಿ ಹೊರಿ ಮಾರಾಯ್ರೆ” ಎನ್ನುವರು.

ಮಂಗಳೂರಿನ ಕೊಂಕಣಿ ಕ್ರೈಸ್ತರು. ಪಾದ್ರಿಗಳ ಮುಂದೆ ತಿಂಗಳು ತಿಂಗಳು ಪಾಪ ಒಪ್ಪಿಕೊಳ್ಳುತ್ತಿದ್ದರೂ ಗಿರಾಕಿಗಳ ಮುಂದೆ ಒಂದು ತಪ್ಪನ್ನೂ ಒಪ್ಪಿದವರಲ್ಲ. ಬಟ್ಟೆ ಬಿಗಿಯಾದರೆ ನಾವು ದಪ್ಪಗಾಗಿದ್ದೇವೆ, ಸಡಿಲವಾದರೆ ನಮಗೇನೋ ಕಾಯಿಲೆ. “ನನ್ನ ಕತ್ತರಿ ತಪ್ಪುವುದುಂಟಾ?”

ಅಂಥವರ ಬಳಿಗೆ ಸರ್ನಾಯ್ ಎಂಬ ಮಂಗೋಲಿಯಾದ ಹುಡುಗಿ ರೇಷ್ಮೆ ತಂದಳು. ದಿನವೂ ಜೀನ್ಸ್ ಮೇಲೆ ಝಿಪ್ಪಿನ ಗಿಡ್ಡ ಡೇಲ್ ಜಾಕೆಟ್ ಹಾಕುವವಳು; ಡೇಲ್ ಎಂದರೆ ಅವರ ನಾಡಿನ ನಿಲುವಂಗಿ. ಮದುವೆಗೆ ಮಾತ್ರ ಹಳೆಯ ರೀತಿಯ ಉದ್ದ ಡೇಲ್ ಬೇಕಂತೆ. ಎದೆಯ ಮೇಲೆ ಅಡ್ಡ ಬರುವ ಪದರ, ಭುಜದ ಬಳಿ ಬಟ್ಟೆಯ ಗಂಟುಗುಂಡಿ, ನಡುವಿಗೆ ಪಟ್ಟಿ, ಒಳಗೆ ಅಸ್ತರು ಬೇಡ. ನೀಲಿಯ ಮೇಲೆ ಚಿನ್ನದ ಹೂವಿದ್ದ ಆ ರೇಷ್ಮೆಯನ್ನು ಉಲಾನ್‌ಬಾತರ್‌ನಿಂದ ಅಮ್ಮ ಕಳಿಸಿದ್ದು. ಒಂದೇ ಡೇಲ್‌ಗೆ ಆಗುವಷ್ಟಿತ್ತು. ಮಾದರಿಗೆಂದು ಅಂಥ ಡೇಲ್ ತೊಟ್ಟ ತನ್ನ ಸೆಲ್ಫಿಯೊಂದನ್ನು ಕಳಿಸಿ ಹೋದಳು.

ಫೋಟೋದಲ್ಲಿ ಗುಂಡಿ ಅವಳ ಬಲಕ್ಕಿತ್ತು. ಅಂಕಲ್ ನನಗೆ ತೋರಿಸಿ ನಕ್ಕರು. “ಸೆಲ್ಫಿ ಅಲ್ವಾ, ಉಲ್ಟಾ ಬರ್ತದೆ. ಹೆಂಗಸರ ಗುಂಡಿ ಎಡಕ್ಕೇ.” ನಲವತ್ತು ವರ್ಷದ ಅನುಭವವೆಲ್ಲ ಸೇರಿ ರೇಷ್ಮೆಯನ್ನು ಎಡಕ್ಕೆ ಕತ್ತರಿಸಿತು. ಮಂಗೋಲಿಯಾದಲ್ಲಿ ಗಂಡಾದರೂ ಹೆಣ್ಣಾದರೂ ಡೇಲ್‌ಗೆ ಗುಂಡಿ ಬಲಕ್ಕೇ ಎಂದು ನಾನು ಫೋನಿನಲ್ಲಿ ಹುಡುಕಿ ತೋರಿಸುವ ಹೊತ್ತಿಗೆ ಮದುವೆಗೆ ಐದು ದಿನ ಉಳಿದಿತ್ತು.

ಅಂಕಲ್ ಸ್ಟೂಲಿನ ಮೇಲೆ ಕೂತರು. ಆಮೇಲೆ ಹೊಲಿಗೆ ಬಿಚ್ಚಿ, ಬಟ್ಟೆಯ ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದರು. ಗುಂಡಿ ಬಲಕ್ಕೆ ಬಂತು; ಚಿನ್ನದ ಹೂವು ಹೋಗಿ ಚಿನ್ನದ ಮೇಲೆ ನೀಲಿ ಹೂವಾಯಿತು. “ಇದು ಮಾಡರ್ನ್” ಎಂದರು, ನನ್ನ ಕಣ್ಣು ತಪ್ಪಿಸಿ.

ಮದುವೆ ಮೆಲ್ಬರ್ನ್‌ನಲ್ಲಿ. ಆಫೀಸ್ ಕೆಲಸಕ್ಕೆ ಅಲ್ಲಿಗೇ ಹೊರಟಿದ್ದ ನಾನೇ ಅದನ್ನು ಒಯ್ದೆ, ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು. ಅಲ್ಲಿನ ವಿಂಡಮ್ ವೇಲ್‌ನ ಮದುವೆ ಮನೆಯಲ್ಲಿ, ಉಲಾನ್‌ಬಾತರ್‌ನಿಂದ ಬಂದಿದ್ದ ಸರ್ನಾಯ್‌ಳ ಅಮ್ಮ ಡೇಲ್‌ನ ಅಂಚು ಮಗುಚಿ ನೋಡಿದರು. ಅವರು ನೆಂಟರ ಕಡೆ ತಿರುಗಿ ಏನೋ ಹೇಳಿದರು. ಸರ್ನಾಯ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು: “ಬಟ್ಟೆಯ ಚೆಂದದ ಭಾಗ ಮಗಳ ಮೈಗೆ ತಾಗಲಿ ಅಂತ ಹೀಗೆ ಹೊಲಿದಿದ್ದಾರೆ, ದೊಡ್ಡ ಮನಸ್ಸು ಅಂತಿದ್ದಾರೆ ಅಮ್ಮ.”

ಸಿಡ್ನಿಗೆ ಮರಳಿ ಇದನ್ನು ಹೇಳಿದರೆ ಅಂಕಲ್ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು. “ಬೈದಿದ್ರೆ ತಡ್ಕೊಳ್ಬಹುದಿತ್ತು. ಫೋನ್ ಮಾಡಿ ಅವರಿಗೆ.”

ಸರ್ನಾಯ್‌ಗೆ ಮಾಡಿದೆ; ಅಮ್ಮನೂ ಅವಳ ಪಕ್ಕದಲ್ಲಿದ್ದರು. ಅಂಕಲ್ ಎದ್ದು ನಿಂತು ಹೇಳಿದರು, “ನಾನು ತಪ್ಪು ಕತ್ತರಿಸಿದ್ದು. ಆಮೇಲೆ ಮುಚ್ಚಿ ಹಾಕಿದ್ದು.”

ಆ ಕಡೆ ಅಮ್ಮನ ನಗು ನಿಲ್ಲಲೇ ಇಲ್ಲ. “ಅಮ್ಮನಿಗೆ ಅವತ್ತೇ ಗೊತ್ತಾಗಿತ್ತಂತೆ ಅಂಕಲ್,” ಎಂದಳು ಸರ್ನಾಯ್. “ಅವರೂ ಟೈಲರ್. ಕೈ ನಡುಗೋಕೆ ಶುರುವಾದ್ಮೇಲೆ ಬಿಟ್ಟರು. ನೆಂಟರ ಮುಂದೆ ಇನ್ನೊಬ್ಬ ಟೈಲರ್‌ನ ಬಿಟ್ಟುಕೊಡೋದಾ ಅಂತಿದ್ದಾರೆ.”

ಅಂಕಲ್ ಕಣ್ಣೊರೆಸಿಕೊಂಡರು. “ತೋಳು ಸರಿ ಉಂಟಲ್ಲ, ಕೇಳಿ.”

“ಒಂದು ತೋಳು ಅರ್ಧ ಇಂಚು ಗಿಡ್ಡವಾಗಿದೆಯಂತೆ.”

“ಹೌದು,” ಎಂದರು ಅಂಕಲ್. “ಗಿಡ್ಡವೇ.”

ಮುಂದಿನ ತಿಂಗಳು ಅಂಕಲ್ ತೀರಿಕೊಂಡರು. ಅವರಿಲ್ಲದ ಬೇಸರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು: ತಮ್ಮ ತಪ್ಪು ಹಿಡಿಯಬಲ್ಲ ಒಬ್ಬರು ಸಿಕ್ಕಿದ ಮೇಲೆ ಅವರೊಡನೆ ಅಂಕಲ್ ಮಾತಾಡಿದ್ದು ಐದೇ ನಿಮಿಷ.