ಕುರಿದಾರಿಯ ಮೇಲೊಂದು ವಿಮಾನ

ನಮ್ಮ ಜವನಗೊಂಡನಹಳ್ಳಿಯಲ್ಲಿ ಬಸ್ಸು ಹತ್ತಿ ಕೂತರೆ ನೇರ ಬೆಂಗಳೂರು. ಅದನ್ನು ಬಿಟ್ಟು ಉಲ್ಟಾ ದಿಕ್ಕಿಗೆ ಅರ್ಧ ದಿನ ಕಾರು ಓಡಿಸಿ, ಶಿವಮೊಗ್ಗದಲ್ಲಿ ವಿಮಾನ ಹತ್ತಿ, ನಮ್ಮ ಸೀಮೆಯ ಮೇಲೆಯೇ ಹಾರಿಕೊಂಡು ಬೆಂಗಳೂರಿಗೆ ಹೋದ ಬುದ್ಧಿವಂತರು ಇಡೀ ಊರಿಗೆ ನಾವು ಮೂವರೇ: ಅಪ್ಪ, ಅವ್ವ, ನಾನು.

ಹಟ ಅವ್ವನದು. ಅಪ್ಪ ಕುರಿ ಕಾಯುತ್ತಿದ್ದವನು. ಸುಗ್ಗಿ ಮುಗಿದರೆ ಮಂದೆ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ದಾಟಿ ಶಿವಮೊಗ್ಗ ಕಡೆಯ ಗದ್ದೆ ಬಯಲಿಗೆ ಹೋಗಿಬಿಡುತ್ತಿದ್ದ. ವಾಪಸು ಬರುವುದು ಮುಂಗಾರಿಗೆ. ನಾನು ಹುಟ್ಟಿದಾಗಲೂ ಅವನು ಅಲ್ಲೇ ಇದ್ದ. ಸುದ್ದಿ ಮುಟ್ಟಿತ್ತು, ಅವನು ಬರಲಿಲ್ಲ. "ದೂರ ಕಣೇ, ನಿನಗೆ ಗೊತ್ತಾಗಲ್ಲ" ಎಂಬ ಒಂದೇ ಜವಾಬನ್ನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ನನ್ನ ತಲೆ ನರೆಯತೊಡಗಿದರೂ ಅವ್ವನ ಸಿಟ್ಟು ಇಳಿದಿರಲಿಲ್ಲ. ನೆಂಟರ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋಗುವುದಿತ್ತು. ಈಗ ಶಿವಮೊಗ್ಗದಿಂದ ವಿಮಾನ ಇದೆ, ಒಂದೇ ಗಂಟೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, "ಹಂಗಾರೆ ಆ ದೂರ ಎಷ್ಟೈತೆ ಅಂತ ಮೇಲಿಂದ ನೋಡೇಬಿಡಾಣ" ಅಂದಳು.

ಹೋಗುವಾಗ ಅಪ್ಪ ತನ್ನ ಕುರಿದಾರಿಯಲ್ಲೇ ಕಾರು ಹೊಡೆಸಿದ. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿಮಂದೆ ತರುಬಿಸಿಕೊಳ್ಳುತ್ತಾರೆ. ತಾನು ಹಾಗೆ ಮಂದೆ ತರುಬಿದ ಹೊಲ ಕಂಡಲ್ಲೆಲ್ಲ ಅಪ್ಪ "ನಿಲ್ಸಪ್ಪ" ಅನ್ನುತ್ತಿದ್ದ. ಹೊಸದುರ್ಗದ ಆಚೆ ಮಜ್ಜಿಗೆ, ಹೊಳಲ್ಕೆರೆ ಹತ್ತಿರ ಮಂಡಕ್ಕಿ, ಮುಂದೆ ಇನ್ನೊಂದು ಮನೆಯಲ್ಲಿ "ಕುಂತ್ಕಳ್ರಿ, ಉಂಡೇ ಹೋಗ್ರಿ, ವಿಮಾನ ಎಲ್ಲಿ ಹೋಗ್ತೈತೆ" ಎಂಬ ಬಲವಂತ. ಆ ಮನೆಯ ಅಜ್ಜಿ ಅಪ್ಪನ ಕೆನ್ನೆ ಸವರಿ, "ನಮ್ಮನೆ ಮುದ್ದೆ ಉಂಡು ಎಷ್ಟು ದಪ್ಪ ಆಗಿದ್ದೆ, ಈಗ ಸೊರಗೋಗಿದಿಯಲ್ಲಪ್ಪ" ಅಂದಳು. ಕುರಿ ಹಿಂದೆ ಉಪವಾಸ ಬೀಳುತ್ತಿದ್ದೆ ಎಂಬ ಅಪ್ಪನ ಕಥೆ ಕೇಳಿಕೊಂಡೇ ಸಂಸಾರ ಮಾಡಿದ್ದ ಅವ್ವ, ಗಂಡನನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಅಲ್ಲಿಂದ ಮುಂದಕ್ಕೆ ಕಾರಿನಲ್ಲಿ ಮಾತಾಡಿದ್ದು ನಾನೊಬ್ಬನೇ. ಏರ್‌ಪೋರ್ಟಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಎದ್ದೆನೋ ಬಿದ್ದೆನೋ ಎಂದು ಓಡಿ ಸೇರಿದೆವು.

ವಿಮಾನ ಏರಿ ನಮ್ಮ ಸೀಮೆಯ ಕಡೆ ಬಂತು. ಕಿಟಕಿ ಅವ್ವನದು.

"ಎಲ್ಲಿದ್ರಿ ಆವಾಗ, ಇವನು ಹುಟ್ಟಿದಾಗ?"

ಅಪ್ಪ ಬಾಗಿ ಹಿಂದಕ್ಕೆ ಬೆರಳು ತೋರಿಸಿದ.

"ನಮ್ಮೂರು?"

ಕೆಳಗೆ ಮಾರಿಕಣಿವೆ ಡ್ಯಾಮಿನ ನೀರು ಹೊಳೆಯುತ್ತಿತ್ತು. ಅದರಾಚೆ ತೋರಿಸಿದ. ಅವ್ವ ಗಾಜಿನ ಮೇಲೆ ಕೈ ಅಗಲಿಸಿ ಅಳೆದಳು. ಒಂದು ಗೇಣು.

"ಇಷ್ಟೇ ಏನ್ರಿ?"

ಅಪ್ಪ ಸೀಟ್ ಬೆಲ್ಟು ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು. "ದೂರ ಅಲ್ಲ ಕಣೇ," ಅಂದ. "ಮಂದೆಗೆ ಕಾಯಿಲೆ ಬಿದ್ದಿತ್ತು. ಬಿಟ್ಟು ಬರಾಕೆ ಮನಸ್ಸಾಗ್ಲಿಲ್ಲ."

ಅಪ್ಪನ ಲೆಕ್ಕದಲ್ಲಿ ನಾನು ಕುರಿಗಳಿಗಿಂತ ಹಿಂದೆ ಬಿದ್ದಿದ್ದೆ ಎಂದು ನನಗೆ ಗೊತ್ತಾದದ್ದು ಹೀಗೆ, ಎದ್ದು ಹೊರಗೆ ಹೋಗಲೂ ಆಗದ ಜಾಗದಲ್ಲಿ. ನಗು ಬಂತು. ಅವ್ವ ಈಗ ಸಿಡಿಯುತ್ತಾಳೆ ಎಂದು ಕಾದೆ. ಅವಳು ಗಾಜಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಪ್ಪನ ಕಡೆ ತಿರುಗಿ ಕೇಳಿದಳು:

"ಕುರಿ ಉಳ್ಕಂಡ್ವಾ?"