ಕಿವಿಗೆ ಹತ್ತಿ ಇಟ್ಟು ಕಣ್ಣಿನ ಪರೀಕ್ಷೆ

ಜಗತ್ತನ್ನು ಕಾಣುವುದು ಕಣ್ಣಲ್ಲ, ಮನಸ್ಸು ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದ ಮಹನೀಯರಲ್ಲಿ ಒಬ್ಬರಾದರೂ ಸಂಜೆ ಆರು ಗಂಟೆಗೆ ಎರ್ನಾಕುಲದ ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ರಸ್ತೆ ದಾಟಿರಲಿಕ್ಕಿಲ್ಲ.

ನಾನು ದಿನಾ ದಾಟುತ್ತಿದ್ದೆ. ಎರ್ನಾಕುಲಕ್ಕೆ ಮೆಟ್ರೊ ಬಂದು ಒಂದೆರಡು ವರ್ಷವಾಗಿದ್ದ ಕಾಲ ಅದು. ಮೈಸೂರಿನವನಾದ ನನಗೆ ಅಲ್ಲಿನ ಒಂದು ಬ್ಯಾಂಕಿನಲ್ಲಿ ಕೆಲಸ. ಹೆಂಡತಿ ಶಾರದೆಗೆ ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ. ಪಾಲಾರಿವಟ್ಟಂನಲ್ಲಿ ಒಂದು ಕೋಣೆ ಹಿಡಿದು, ಐದು ದಿನ ಪುಟ್ಟು-ಕಡಲೆ ತಿಂದು, ಶುಕ್ರವಾರ ಸಂಜೆ ರೈಲು ಹತ್ತುತ್ತಿದ್ದೆ. ಆ ರೈಲಿನ ಕಿಟಕಿ ಪಕ್ಕದ ಸೀಟು, ಅಲೆಪ್ಪಿ ದಾಟುವಾಗ ಒಳಗೆ ನುಗ್ಗುತ್ತಿದ್ದ ಉಪ್ಪು ಗಾಳಿ, ವಾರದಲ್ಲಿ ಒಮ್ಮೆ ಮನೆಗೆ ಹೋಗುವವನ ಸಣ್ಣ ಸಂಭ್ರಮ, ಇವೆಲ್ಲ ಈಗ ನೆನೆದರೆ ಸುಖವೇ. ಪ್ಲಾಟ್‌ಫಾರ್ಮಿನಲ್ಲಿ ಶಾರದೆ ನನ್ನ ಬೋಗಿಯ ಬಾಗಿಲಿಗೆ ಸರಿಯಾಗಿ ಎದುರು ನಿಂತಿರುತ್ತಿದ್ದಳು. ಪಕ್ಕದಲ್ಲಿ ನಿಂತರೆ ನಾನು ಅವಳನ್ನು ದಾಟಿ ಹೋಗಿಬಿಡುತ್ತೇನೆಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು.

ನನಗೆ ಎರಡೂ ಕಣ್ಣಿಗೆ ಗ್ಲಾಕೋಮಾ. ನಡುವಿನ ನೋಟವನ್ನು ಮುಟ್ಟದೆ ಸುತ್ತಲಿನದನ್ನು ಸದ್ದಿಲ್ಲದೆ ತಿಂದುಹಾಕುವ ಕಾಯಿಲೆ. ಪತ್ರಿಕೆಯಲ್ಲಿ ಅತಿ ಸಣ್ಣ ಅಕ್ಷರದ ಟೆಂಡರ್ ಜಾಹೀರಾತನ್ನೂ ಓದುತ್ತಿದ್ದೆ. ಓದಿ ಎದ್ದವನು ಕಾಲ ಬಳಿಯ ಕಸದ ಬುಟ್ಟಿಯನ್ನು ಒದೆಯುತ್ತಿದ್ದೆ. ಸುರುಳಿ ಸುತ್ತಿದ ಕ್ಯಾಲೆಂಡರಿನೊಳಗಿಂದ ಲೋಕವನ್ನು ನೋಡಿದ ಹಾಗೆ. ಪಕ್ಕದಿಂದ ನಮಸ್ಕಾರ ಹೇಳಿ ಕೈ ಎತ್ತಿದವರು ಕಾಣುತ್ತಿರಲಿಲ್ಲವಾಗಿ, ಕಚೇರಿಯಲ್ಲಿ ಮಹಾ ಅಹಂಕಾರಿ ಎಂಬ ಕೀರ್ತಿ ತಾನಾಗಿಯೇ ಬಂತು. ಅದನ್ನು ಅಲ್ಲಗಳೆಯುವುದಕ್ಕಿಂತ ಉಳಿಸಿಕೊಳ್ಳುವುದೇ ಸುಲಭವಾಗಿತ್ತು.

ಒಂದು ಸಂಜೆ ಜಂಕ್ಷನ್ನಿನ ಬಳಿ ಮೇಲೆ ಚಪ್ಪಡಿಯಿಲ್ಲದ ಚರಂಡಿಗೆ ಇಳಿದೆ. ಬಿದ್ದೆ ಎನ್ನುವುದು ಹೆಂಡತಿಯ ಪದ. ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದಾಗ ಅವಳು ಹೇಳಿಬಿಟ್ಟಳು, ನೀವು ಇಲ್ಲಿಗೆ ವರ್ಗ ಮಾಡಿಸಿಕೊಳ್ಳದಿದ್ದರೆ ನಾನೇ ಕೆಲಸ ಬಿಟ್ಟು ಅಲ್ಲಿಗೆ ಬರುತ್ತೇನೆ ಎಂದು. ಇಪ್ಪತ್ತೆರಡು ವರ್ಷ ಇಷ್ಟಪಟ್ಟು ಮಾಡಿದ ಕೆಲಸ ಅವಳದು. ನಾನು ಅರ್ಜಿ ಹಾಕಿದೆ. ದೃಷ್ಟಿದೋಷದ ಪ್ರಮಾಣಪತ್ರ ತಂದರೆ ಕೂಡಲೇ ವರ್ಗ, ಇಲ್ಲದಿದ್ದರೆ ಸರದಿಯಂತೆ ಎಂದು ಉತ್ತರ ಬಂತು. ಸರದಿ ಎಂದರೆ ಹೆಚ್ಚುಕಡಿಮೆ ನನ್ನ ನಿವೃತ್ತಿಯ ದಿನ.

ಹಾಗೆ ತಿರುವನಂತಪುರದ ಒಂದು ಕಣ್ಣಾಸ್ಪತ್ರೆಗೆ ಹೋದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿ ಶಾರದೆಯ ಕಡೆ ಗರ್ವದಿಂದ ನೋಡಿದೆ. ಅವಳು ಹಣೆ ಚಚ್ಚಿಕೊಂಡಳು. ಡಾಕ್ಟರು ಮಾತ್ರ ನಗದೆ ವಿವರಿಸಿದರು. ಕುರುಡು ಎಂದರೆ ಪೂರ್ತಿ ಕತ್ತಲೆಯೇ ಆಗಬೇಕಿಲ್ಲವಂತೆ. ಎಷ್ಟು ಚಿಕ್ಕ ಅಕ್ಷರ ಓದುತ್ತೀರಿ ಎನ್ನುವುದು ಒಂದು ಅಳತೆ. ನೇರ ನೋಡುವಾಗ ಸುತ್ತ ಎಷ್ಟು ಅಗಲ ಕಾಣುತ್ತದೆ ಎನ್ನುವುದು ಇನ್ನೊಂದು. ಆ ಅಗಲ ನಲವತ್ತು ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ. ಹತ್ತಕ್ಕಿಂತ ಕಡಿಮೆಯಾದರೆ, ಪತ್ರಿಕೆ ಓದಬಲ್ಲವನೂ ಕಾನೂನಿನ ಪ್ರಕಾರ ಅಂಧ.

ಅಗಲ ಅಳೆಯುವ ಯಂತ್ರ, ಅಂಚಿನ ಮೇಲೆ ನಿಲ್ಲಿಸಿದ ದೊಡ್ಡ ಬಾಣಲೆಯಂತಿತ್ತು. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು; ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಯಂತ್ರ ನಡೆಸುತ್ತಿದ್ದವರು ಶೈನಿ ಎಂಬ ಮಧ್ಯವಯಸ್ಸಿನ ಹೆಂಗಸು. ಶುರುವಾದ ಸ್ವಲ್ಪ ಹೊತ್ತಿಗೆ ನಾನೊಂದು ರಹಸ್ಯ ಪತ್ತೆ ಮಾಡಿದೆ. ಬೆಳಕು ಬರುವ ಮುನ್ನ ಯಂತ್ರದೊಳಗೆ ಟಕ್ ಎನ್ನುತ್ತದೆ. ನಾನೋ, ಬ್ಯಾಂಕಿನ ಬಡ್ತಿ ಪರೀಕ್ಷೆಗಳನ್ನು ಬರೆದು ಬರೆದು ಹಣ್ಣಾದವನು. ಗೊತ್ತಿಲ್ಲದಿದ್ದರೂ ಖಾಲಿ ಬಿಡಬಾರದು, ಯಾವುದಾದರೊಂದು ಉತ್ತರಕ್ಕೆ ಗುರುತು ಹಾಕಬೇಕು ಎನ್ನುವುದು ನಮ್ಮ ಕುಲಧರ್ಮ. ಪ್ರತಿ ಟಕ್ಕಿಗೂ ಒತ್ತಿದೆ. ಎದ್ದಾಗ ರ‍್ಯಾಂಕು ಬರುವ ಭರವಸೆಯಿತ್ತು.

ಶೈನಿ ಕಾಗದ ನೋಡಿ ತಲೆ ಆಡಿಸಿದರು. ಯಂತ್ರ ನಡುನಡುವೆ ಬೆಳಕೇ ಬಿಡದೆ ಬರೀ ಸದ್ದು ಮಾಡಿ ನಮ್ಮನ್ನು ಪರೀಕ್ಷಿಸುತ್ತದಂತೆ. ಆಗಲೂ ನಾನು ಒತ್ತಿದ್ದೆ. ಈ ಫಲಿತಾಂಶ ನಂಬುವಂಥದ್ದಲ್ಲ ಎಂದು ಅದರ ಮೇಲೇ ಅಚ್ಚಾಗಿತ್ತು. ಇದಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ, ಇನ್ನೊಂದು ದಿನಾಂಕಕ್ಕೆ ಮೂರು ತಿಂಗಳು ಕಾಯಬೇಕು ಎಂದರು.

"ಕಾಣದ್ದನ್ನೆಲ್ಲ ಕಂಡೆ ಅನ್ನೋಕೆ ಇದೇನ್ರೀ, ನಿಮ್ಮ ಬ್ಯಾಂಕಿನ ಇನ್‌ಸ್ಪೆಕ್ಷನ್ನಾ?" ಎಂದಳು ಶಾರದೆ. ಮಾತು ತಮಾಷೆಯದು, ದನಿ ಅಲ್ಲ. ಅವಳ ಕೈಚೀಲದಲ್ಲಿ ರಾಜೀನಾಮೆಯ ಕರಡು ಇದ್ದದ್ದು ನನಗೆ ಗೊತ್ತಿತ್ತು.

ಅವಳ ಮುಖ ನೋಡಿಯೋ ಏನೋ, ಆಗಷ್ಟೇ ತೆರೆದಿದ್ದ ಊಟದ ಡಬ್ಬಿಯನ್ನು ಶೈನಿ ಮತ್ತೆ ಮುಚ್ಚಿಟ್ಟರು. ಮುಂದಿನ ರೋಗಿ ಬರುವುದು ಎರಡು ಗಂಟೆಗೆ, ಅಷ್ಟರಲ್ಲಿ ಮುಗಿಸೋಣ ಎಂದರು. ಹತ್ತಿಯಲ್ಲಿ ಎರಡು ಉಂಡೆ ಮಾಡಿ ನನ್ನ ಕಿವಿಗೆ ತುರುಕುವ ಮುನ್ನ ಮಲಯಾಳಂ, ಇಂಗ್ಲಿಷ್ ಎರಡನ್ನೂ ಬೆರೆಸಿ ಹೇಳಿದರು, "ಸಾರೇ, ಇಲ್ಲಿ ಯಾರೂ ಫೇಲ್ ಆಗುವುದಿಲ್ಲ. ಕಾಣದಿದ್ದರೆ ಸುಮ್ಮನೆ ಕೂತಿರಿ. ಅಷ್ಟು ಮಾಡಿದರೆ ಸಾಕು."

ಸುಮ್ಮನೆ ಕೂತೆ. ಚುಕ್ಕೆಯ ಹತ್ತಿರ ಒಂದೆರಡು ಬೆಳಕು ಬಂದವು, ಒತ್ತಿದೆ. ಆಮೇಲೆ ಏನೂ ಇಲ್ಲ. ಗುಂಡಿಯ ಮೇಲೆ ಹೆಬ್ಬೆರಳು ಬೆವರಿತು. ಬಹಳ ಹೊತ್ತು ನೋಡಿ, ಕರೆಂಟು ಹೋಯಿತೇ ಸಿಸ್ಟರ್ ಎಂದು ಕೇಳಿದೆ. ಅವರು ಉತ್ತರ ಕೊಟ್ಟಿದ್ದರೂ ನನಗೆ ಕೇಳುತ್ತಿರಲಿಲ್ಲ. ಭುಜದ ಮೇಲೆ ಒಂದು ಕೈ ಬಂತು, ಮೆಲ್ಲಗೆ ಅದುಮಿತು, ಅಲ್ಲೇ ಉಳಿಯಿತು. ಕರೆಂಟು ಹೋಗಿಲ್ಲ ಎಂದು ಆಗ ತಿಳಿಯಿತು. ಬೆಳಕುಗಳು ಒಂದರ ಹಿಂದೊಂದು ಬಂದು ಹೋಗುತ್ತಲೇ ಇದ್ದವು. ಐದು ವರ್ಷದಿಂದ ಕಾಯಿಲೆಯ ಹೆಸರು ಗೊತ್ತಿತ್ತು. ಅದು ಎಷ್ಟು ತಿಂದಿದೆ ಎಂದು ಗೊತ್ತಾದದ್ದು ಆ ಕುರ್ಚಿಯಲ್ಲಿ.

ಹೊರಡುವಾಗ ಶೈನಿಯವರಿಗೆ ಕೈಮುಗಿದೆ. ನಾನು ತಲೆ ಬಾಗಿಸುವಷ್ಟರಲ್ಲಿ ಅವರು ಪಕ್ಕಕ್ಕೆ ಸರಿದಿದ್ದರು, ಮುಗಿದದ್ದು ಬೀರುವಿಗೆ ಎಂದು ಶಾರದೆ ಆಮೇಲೆ ಹೇಳಿದಳು. ಆ ಹೆಂಗಸನ್ನು ಮತ್ತೆ ನೋಡಿಲ್ಲ. ಭುಜದ ಮೇಲಿದ್ದ ಆ ಕೈಯ ಭಾರ ಮಾತ್ರ ಇವತ್ತಿಗೂ ಮರೆತಿಲ್ಲ.

ಎರಡೂ ಕಣ್ಣಿನ ಅಗಲ ಎಂಟು ಡಿಗ್ರಿ ಎಂದು ಬಂತು. ವೈದ್ಯಕೀಯ ಮಂಡಳಿ ನನ್ನನ್ನು ಅಂಧನೆಂದು ಪ್ರಮಾಣೀಕರಿಸಿತು. ಎರಡು ತಿಂಗಳಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಶಾರದೆ ಕೆಲಸ ಬಿಡಲಿಲ್ಲ.